ಹೆದರುವ ಮಕ್ಕಳನ್ನು ಮೊದಲ ಸಲ ವಂಡರ್‌ಲಾಗೆ ಕರೆದೊಯ್ಯುವ ಮುನ್ನ

"ಅದು ನಡುವೆ ನಿಲ್ಲುತ್ತದೆಯಾ? ಇಳಿಯಬೇಕು ಅನ್ನಿಸಿದರೆ ಯಾರಿಗೆ ಹೇಳಬೇಕು? ಒಳಗೆ ಕತ್ತಲೆ ಇರುತ್ತದೆಯಾ? ನೀರು ಮೂಗಿಗೆ ಹೋಗುತ್ತದೆಯಾ?"

ಬೆಂಗಳೂರಿನ ಹತ್ತಿರದ ಮನರಂಜನಾ ಪಾರ್ಕು ವಂಡರ್‌ಲಾಗೆ ಹೋಗೋಣವೇ ಎಂದು ನಾನು ಕೇಳಿದ ರಾತ್ರಿ, ಏಳು ವರ್ಷದ ಪುಟ್ಟಿ ದೀಪ ಆರಿಸಿದ ಮೇಲೆ ಒಂದೊಂದಾಗಿ ಕೇಳಿದ ಪ್ರಶ್ನೆಗಳಿವು. ಅವಳ ತಮ್ಮನಿಗೆ ನಾಲ್ಕೂವರೆ. ಅವನು ಪ್ರಶ್ನೆ ಕೇಳುವವನಲ್ಲ, ಇಷ್ಟವಾಗದ ಕಡೆ ನನ್ನ ಸೆರಗು ಹಿಡಿದು ಕಂಬದಂತೆ ನಿಂತುಬಿಡುತ್ತಾನೆ. ನಮ್ಮ ಮನೆಯಲ್ಲಿ ಕುಕ್ಕರ್ ಎರಡನೆಯ ಸೀಟಿ ಹಾಕುವಷ್ಟರಲ್ಲಿ ಇಬ್ಬರೂ ಕಿವಿ ಮುಚ್ಚಿಕೊಂಡು ಹಿತ್ತಲಿನಲ್ಲಿರುತ್ತಾರೆ. ಇಂಥ ಮಕ್ಕಳನ್ನು ಕಟ್ಟಿಕೊಂಡು ಶಿವಮೊಗ್ಗದಿಂದ ಬಿಡದಿಯವರೆಗೆ ಹೋಗಿ, ಮೂರು ದಿನ ಕಳೆದು, ಅಳು ರಂಪವಿಲ್ಲದೆ ಮನೆಗೆ ಬಂದೆವು. ಹೇಗೆ ತಯಾರಾದೆವು ಎಂದು ಶಾಲೆಯಲ್ಲಿ ಸಹೋದ್ಯೋಗಿಗಳು ಕೇಳುತ್ತಲೇ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಕಡೆಯ ಒಂದು ಜಾತ್ರೆಯಲ್ಲಿ ಪುಟ್ಟಿಯನ್ನು ಟೋರಾ ಟೋರಾ ಹತ್ತಿಸಿದ್ದೆ. ಅವಳು ಬೇಡವೆಂದಳು. ಜೊತೆಗಿದ್ದ ನೆಂಟರು "ಒಂದು ಸಲ ಹತ್ತಿದರೆ ಹೆದರಿಕೆ ತಾನಾಗಿಯೇ ಬಿಟ್ಟುಹೋಗುತ್ತದೆ" ಎಂದರು. ನಾನೂ ನಂಬಿದೆ. ಯಂತ್ರ ತಿರುಗಲು ಶುರುವಾದ ಮೇಲೆ ಅವಳು ಕಿರುಚಿದ್ದು ಕೆಳಗಿದ್ದ ನನಗೆ ಹಾಡಿನ ಗದ್ದಲದ ನಡುವೆಯೂ ಕೇಳಿಸಿತು. ನಿಲ್ಲಿಸಿ ಎಂದು ಕೈ ಬೀಸಿದೆ, ಸುತ್ತು ಮುಗಿಯುವವರೆಗೆ ಅದು ನಿಲ್ಲಲಿಲ್ಲ. ಆಮೇಲೆ ಸುಮಾರು ಒಂದು ವರ್ಷ ಅವಳು ಪಾರ್ಕಿನ ಜೋಕಾಲಿಯಲ್ಲೂ ಕೂರಲಿಲ್ಲ. ಹೆದರಿಕೆ ಬಿಡುವುದಿರಲಿ, ನನ್ನ ಮಾತಿನ ಮೇಲಿದ್ದ ಅವಳ ನಂಬಿಕೆ ಬಿಟ್ಟುಹೋಗಿತ್ತು. ಈ ಸಲದ ತಯಾರಿಯೆಲ್ಲ ಆ ನಂಬಿಕೆಯನ್ನು ಮರಳಿ ಪಡೆಯುವುದಕ್ಕಾಗಿಯೇ ನಡೆಯಿತು ಎಂದರೂ ಸರಿ.

ಆದ್ದರಿಂದ ಟಿಕೆಟ್, ಬಟ್ಟೆ, ತಿಂಡಿ ಎಲ್ಲಕ್ಕಿಂತ ಮೊದಲು ಮನೆಯಲ್ಲಿ ಒಂದು ಒಪ್ಪಂದವಾಗಲಿ. ನಮ್ಮದು ಹೀಗಿತ್ತು: ನೀನು ಬೇಡ ಎಂದರೆ ಬೇಡ. ಸಾಲಿನಲ್ಲಿ ಅರ್ಧ ಗಂಟೆ ನಿಂತ ಮೇಲೂ ಬೇಡ ಎನ್ನಬಹುದು. ಸೀಟಿನಲ್ಲಿ ಕೂತ ಮೇಲೂ, ಬೆಲ್ಟ್ ಹಾಕುವ ಮುಂಚೆ ಬೇಡ ಎನ್ನಬಹುದು. ಬೆಲ್ಟ್ ಬಿದ್ದ ಮೇಲೆ ಮಾತ್ರ ಅದು ನಿಲ್ಲುವವರೆಗೆ ಕೂತಿರಬೇಕು, ಆಗ ಅಪ್ಪನೋ ನಾನೋ ನಿನ್ನ ಪಕ್ಕದಲ್ಲೇ ಇರುತ್ತೇವೆ. ಈ ಕೊನೆಯ ಮಾತನ್ನು ಮುಚ್ಚಿಡಬೇಡಿ. "ಯಾವಾಗ ಬೇಕಾದರೂ ಇಳಿಯಬಹುದು" ಎಂದು ಸುಳ್ಳು ಹೇಳಿ ಹತ್ತಿಸಿದರೆ ಆ ಒಂದು ರೈಡ್ ಸಿಗುತ್ತದೆ, ಉಳಿದ ದಿನ ಕೈ ಜಾರುತ್ತದೆ.

ದೊಡ್ಡವರೂ ಒಂದು ಒಪ್ಪಂದಕ್ಕೆ ಬರಬೇಕು. "ಇಷ್ಟು ದುಡ್ಡು ಕೊಟ್ಟಿದ್ದೇವೆ" ಎಂಬ ಮಾತು ಆ ದಿನ ಯಾರ ಬಾಯಿಂದಲೂ ಬರಕೂಡದು. ನಮ್ಮವರು ಲೆಕ್ಕ ಬರೆಯುವ ಕೆಲಸದವರು, ರೈಡಿಗೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡುವುದು ಅವರಿಗೆ ಉಸಿರಾಟದಷ್ಟೇ ಸಹಜ. ಮುಂಚೆಯೇ ಕೂತು ಮಾತಾಡಿಕೊಂಡೆವು: ಮಕ್ಕಳು ಒಂದೇ ಒಂದು ಕುದುರೆ ಹತ್ತಿ ಬಂದರೂ ಟಿಕೆಟ್ಟಿನ ದುಡ್ಡು ಸಂದಿತು.

ಎಲ್ಲಿಗೆ ಹೋಗಬೇಕು ಎಂಬುದಕ್ಕೆ ನಮಗೆ ಹೆಚ್ಚು ಯೋಚನೆ ಬೇಕಾಗಲಿಲ್ಲ. ಬಿಡದಿ ಬಳಿಯ ವಂಡರ್‌ಲಾ 2005ರಿಂದ ಇದೆ. ನನ್ನ ಬಿ.ಎಡ್. ದಿನಗಳಲ್ಲಿ ಗೆಳತಿಯರ ಜೊತೆ ಒಮ್ಮೆ ಹೋಗಿದ್ದೆ, ಹಾಗಾಗಿ ನೆರಳು ಎಲ್ಲಿದೆ, ನಡೆಯುವುದು ಎಷ್ಟು ಎಂಬ ಅಂದಾಜಿತ್ತು. ಸುಮಾರು 82 ಎಕರೆ ಜಾಗ. ಚಿಕ್ಕ ಮಕ್ಕಳಿಗೆಂದೇ ಬೇರೆ ರೈಡುಗಳಿವೆ, ಅದು ಮುಖ್ಯ. ಟಿಕೆಟ್ಟಿನ ದರ ಇಲ್ಲಿ ವಯಸ್ಸಿನ ಮೇಲೆ ನಿಂತಿಲ್ಲ, ಎತ್ತರದ ಮೇಲೆ ನಿಂತಿದೆ. 85 ಸೆಂ.ಮೀ.ಗಿಂತ ಗಿಡ್ಡವಿರುವ ಮಗುವಿಗೆ ಟಿಕೆಟ್ ಇಲ್ಲ, ಅಲ್ಲಿಂದ 140 ಸೆಂ.ಮೀ.ವರೆಗೆ ಮಕ್ಕಳ ಟಿಕೆಟ್. ದರ ವಾರದ ದಿನ, ರಜಾದಿನಗಳಿಗೆ ತಕ್ಕಂತೆ ಬದಲಾಗುವುದರಿಂದ ಕೊಳ್ಳುವ ಮುಂಚೆ ಅವರ ಜಾಲತಾಣದಲ್ಲಿ ನೋಡಿಕೊಳ್ಳಿ.

ಎತ್ತರದ ವಿಷಯ ಬಂದಿದ್ದರಿಂದ ಇನ್ನೊಂದು ಮಾತು. ಪ್ರತಿ ರೈಡಿನ ಬಾಗಿಲಲ್ಲೂ ಅಳತೆ ಇರುತ್ತದೆ. ಹೊರಡುವ ಮುಂಚೆ ಮನೆಯ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ಲಿನಿಂದ ಗೆರೆ ಹಾಕಿ ಮಗುವಿನ ಎತ್ತರ ತಿಳಿದಿಟ್ಟುಕೊಳ್ಳಿ, ಮಗುವಿಗೂ ಹೇಳಿ. ಹೆದರುವ ಮಗು ಎಷ್ಟೋ ಹೊತ್ತು ಧೈರ್ಯ ಕೂಡಿಸಿಕೊಂಡು ಸಾಲಿನ ಕೊನೆಗೆ ಬಂದಾಗ "ನಿನಗಾಗುವುದಿಲ್ಲ" ಎಂದು ವಾಪಸು ಕಳಿಸುವುದಿದೆಯಲ್ಲ, ಅದಕ್ಕಿಂತ ದೊಡ್ಡ ನಿರಾಸೆ ಬೇರೆ ಇಲ್ಲ.

ದಿನವನ್ನು ಆರಿಸುವಾಗ ಏಪ್ರಿಲ್, ಮೇ ಮತ್ತು ದಸರಾ ರಜೆಯನ್ನು ಬಿಟ್ಟುಬಿಡಿ. ಇದು ಎಲ್ಲರಿಗೂ ಗೊತ್ತು. ಹೆಚ್ಚು ಜನರ ಗಮನಕ್ಕೆ ಬಾರದ್ದು ಡಿಸೆಂಬರ್. ಅದು ಶಾಲಾ ಪ್ರವಾಸದ ಕಾಲ, ವಾರದ ನಡುವಿನ ದಿನವೂ ಹತ್ತಾರು ಬಸ್ಸುಗಳಲ್ಲಿ ಮಕ್ಕಳು ಬಂದಿಳಿಯುತ್ತಾರೆ. ನಾನೇ ಅಂಥ ಬಸ್ಸುಗಳಲ್ಲಿ ಮಕ್ಕಳ ತಲೆ ಎಣಿಸಿದವಳು. ಸೀಟಿ, ಕೇಕೆ, ನೂಕಾಟ ಅವರಿಗೆ ಸಂಭ್ರಮ, ಸಣ್ಣವರಿಗೆ ದಿಗಿಲು. ನಾವು ಫೆಬ್ರವರಿಯ ಒಂದು ಮಂಗಳವಾರ ಆರಿಸಿದೆವು. ಶಾಲೆಗೆ ಮೂರು ದಿನ ರಜೆ ಹಾಕಿಸಬೇಕಾಯಿತು. ಎರಡನೆಯ ತರಗತಿಯ ಮೂರು ದಿನದ ಪಾಠವನ್ನು ಮನೆಯಲ್ಲಿ ಹೇಳಿಕೊಡಬಹುದು.

ಇನ್ನು ತಾಲೀಮು. ನನ್ನ ಮಟ್ಟಿಗೆ ಇಡೀ ಪ್ರವಾಸ ಗೆದ್ದದ್ದು ಇಲ್ಲಿ. ಮೂರು ವಾರ ಮುಂಚೆಯೇ ಶುರುಮಾಡಿದೆವು.

ಹೆದರಿಕೆ ಎಂಬುದು ಒಂದೇ ವಸ್ತುವಲ್ಲ. ಒಂದು ಮಗುವಿಗೆ ಎತ್ತರ, ಇನ್ನೊಂದಕ್ಕೆ ಸದ್ದು, ಮತ್ತೊಂದಕ್ಕೆ ಕತ್ತಲೆ, ಮುಖಕ್ಕೆ ಬೀಳುವ ನೀರು, ಅಮ್ಮ ಕಣ್ಣಿಗೆ ಕಾಣದಿರುವುದು. ನಿಮ್ಮ ಮಗುವಿನದು ಯಾವುದು ಎಂದು ಮೊದಲು ಬೇರೆ ಬೇರೆ ಮಾಡಿ ನೋಡಿ. ಪುಟ್ಟಿಗೆ ಎತ್ತರದ ಭಯವಿಲ್ಲ, ಪೇರಲೆ ಮರ ಹತ್ತುತ್ತಾಳೆ. ಅವಳಿಗೆ ಆಗದ್ದು ಹೊಟ್ಟೆಯೊಳಗೆ ಗುಳುಕ್ ಎನ್ನುವ ಅನುಭವ. ಚಿಕ್ಕವನಿಗೆ ಸದ್ದು ಮತ್ತು ನೀರು.

ಹೊಟ್ಟೆಯ ಗುಳುಕನ್ನು ಅವಳಿಗೆ ವಿವರಿಸಿದೆ. ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ, ಇಷ್ಟಾದರೂ ನನ್ನಿಂದಾಗಬೇಕು. ತೀರ್ಥಹಳ್ಳಿಗೆ ಹೋಗುವಾಗ ಬಸ್ಸು ದಿಬ್ಬ ಹತ್ತಿ ಸರಕ್ಕನೆ ಇಳಿಯುತ್ತದೆ, ಆಗ ನಾವು ಸೀಟಿನ ಮೇಲೆ ಒಂದು ಕ್ಷಣ ಹಗುರಾಗುತ್ತೇವೆ, ಒಳಗಿನ ಹೊಟ್ಟೆಯೂ ಹಗುರಾಗುತ್ತದೆ, ಗುಳುಕ್ ಎನ್ನುವುದು ಅದೇ. ನೋವಲ್ಲ, ಕಾಯಿಲೆಯಲ್ಲ, ಒಂದೆರಡು ಕ್ಷಣದಲ್ಲಿ ಹೋಗುತ್ತದೆ. ದಾರಕ್ಕೆ ಬೀಗದ ಕೈ ಕಟ್ಟಿ ತೂಗಿ, ಜಾತ್ರೆಯ ಕೊಲಂಬಸ್ ಹಡಗು ಹೇಗೆ ಆಡುತ್ತದೆ ಎಂದು ತೋರಿಸಿದೆ. ಬಳಪದ ಪೆಟ್ಟಿಗೆಯ ಮುಚ್ಚಳವನ್ನು ಹಡಗು ಮಾಡಿ ಎರಡು ತುದಿಗಳಲ್ಲೂ ನಡುವಿನಲ್ಲೂ ಹುಣಿಸೆ ಬೀಜ ಇಟ್ಟು ತೂಗಿದೆವು. ತುದಿಯ ಬೀಜ ಮೇಲಕ್ಕೇರಿ ಕೆಳಗಿಳಿಯುವುದು ಹೆಚ್ಚು, ನಡುವಿನದು ಕಡಿಮೆ. "ಹಾಗಾದರೆ ನಾನು ನಡುವಿನ ಬೀಜದ ಜಾಗದಲ್ಲಿ ಕೂರುತ್ತೇನೆ" ಎಂದಳು. ನಾನು ಹೇಳಿಕೊಟ್ಟಿದ್ದಲ್ಲ, ಅವಳೇ ಕಂಡುಕೊಂಡದ್ದು. ತೂಗುವ ಹಡಗಿನಲ್ಲಿ ನಡುಸಾಲು, ತಿರುಗುವ ಕುದುರೆಯಲ್ಲಿ ಒಳಸುತ್ತು: ಹೆದರುವವರಿಗೆ ಈ ಎರಡು ಜಾಗ ನೆನಪಿರಲಿ. ಒಳಸುತ್ತಿನ ಕುದುರೆ ಅಷ್ಟೇ ಹೊತ್ತಿನಲ್ಲಿ ಚಿಕ್ಕ ವೃತ್ತ ಸುತ್ತುವುದರಿಂದ ಅದರ ವೇಗ ಕಡಿಮೆ.

ಚಿಕ್ಕವನ ನೀರಿನ ತಾಲೀಮು ಬಚ್ಚಲುಮನೆಯಲ್ಲಿ ನಡೆಯಿತು. ಮೊದಲ ವಾರ ಚೊಂಬಿನಿಂದ ಭುಜಕ್ಕೆ, ಎರಡನೆಯ ವಾರ ಅವನೇ ತನ್ನ ತಲೆಗೆ, ಮೂರನೆಯ ವಾರ ಷವರಿನ ಕೆಳಗೆ ಹತ್ತು ಎಣಿಸುವವರೆಗೆ. ಎಣಿಸುವವನು ಅವನೇ, ನಲ್ಲಿ ತಿರುಗಿಸುವವನೂ ಅವನೇ. ನೀರಾಟಕ್ಕೆ ನೈಲಾನಿನಂಥ ಬಟ್ಟೆ ಕಡ್ಡಾಯ, ಹತ್ತಿ ಬಟ್ಟೆಯಲ್ಲಿ ಬಿಡುವುದಿಲ್ಲ. ಮೈಗಂಟುವ ಆ ಬಟ್ಟೆ ಕೆಲವು ಮಕ್ಕಳಿಗೆ ಕಿರಿಕಿರಿ. ಅಲ್ಲಿಗೆ ಹೋದ ಮೇಲೆ ಮೊದಲ ಸಲ ತೊಡಿಸುವ ಬದಲು ಊರಲ್ಲೇ ಕೊಂಡು ನಾಲ್ಕು ದಿನ ಬಚ್ಚಲಲ್ಲಿ ಹಾಕಿಸಿ.

ವಿಡಿಯೋ ತೋರಿಸುವುದಾದರೆ ಎಚ್ಚರ. ರೈಡಿನ ಮೂತಿಗೆ ಕ್ಯಾಮೆರಾ ಕಟ್ಟಿ ತೆಗೆದ ವಿಡಿಯೋಗಳು ನಿಜಕ್ಕಿಂತ ಭಯಂಕರವಾಗಿ ಕಾಣುತ್ತವೆ. ಪಕ್ಕದಲ್ಲಿ ನಿಂತು ತೆಗೆದವನ್ನು ಹುಡುಕಿ, ಮೊದಲು ಸದ್ದಿಲ್ಲದೆ ತೋರಿಸಿ, ಆಮೇಲೆ ಸ್ವಲ್ಪ ಸ್ವಲ್ಪ ಸದ್ದು ಏರಿಸಿ. ಹಾಗೆ ನೋಡುತ್ತಾ ಪುಟ್ಟಿ ಹಳೆಯ ನೋಟುಪುಸ್ತಕದಲ್ಲಿ ಮೂರು ಮನೆ ಗೆರೆ ಹಾಕಿದಳು: ಹತ್ತುತ್ತೇನೆ, ನೋಡಿ ಹೇಳುತ್ತೇನೆ, ಬೇಡ. ಅಕ್ಷರ ಬಾರದ ಚಿಕ್ಕವನು ಚಿತ್ರ ಬರೆದ. "ಬೇಡ" ಎಂಬ ಮನೆ ತುಂಬಿ ಪುಟ ತಿರುಗಿತು. ಇರಲಿ ಎಂದೆ. ಬೇಡ ಎಂದು ಬರೆದಿಟ್ಟ ಮೇಲೆ ಅದರ ಬಗ್ಗೆ ರಾತ್ರಿ ಕೇಳುವುದನ್ನು ಅವಳು ನಿಲ್ಲಿಸಿದಳು.

ಪ್ರಯಾಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ದೂರದೂರಿನವರು ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ನೇರ ಪಾರ್ಕಿಗೆ ಹೋಗಬೇಡಿ. ನಾವು ಸೋಮವಾರ ಬೆಳಗಿನ ರೈಲಿಗೆ ಹೊರಟು ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೋದಲ್ಲಿ ಕೆಂಗೇರಿಗೆ, ನನ್ನ ತಂಗಿಯ ಮನೆಗೆ ಹೋದೆವು. ಸಂಜೆಯೆಲ್ಲ ಚಿಕ್ಕಮ್ಮನ ಮನೆಯ ಟೆರೇಸಿನಲ್ಲಿ ಆಟ, ಎಂಟಕ್ಕೆ ಊಟ, ನಿದ್ದೆ. ಮರುದಿನ ಕಾರಿನಲ್ಲಿ ಹೊರಟೆವು. ಆಟೋದಲ್ಲಿ ಹೋಗುವವರಿಗೆ ಒಂದು ಸೂಚನೆ: ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್‌ನಿಂದ ಆಟೋ, ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ತಿಂಡಿ ಬಿಡದಿಯ ತಟ್ಟೆ ಇಡ್ಲಿ. ಅದಕ್ಕಾಗಿ ಪಾರ್ಕಿನ ತಿರುವು ದಾಟಿ ಮುಂದೆ ಹೋಗಿ ಮತ್ತೆ ಹಿಂದಕ್ಕೆ ಬರಬೇಕು, ಆದರೂ ಹೋಗಿ. ಪಾರ್ಕು ತೆರೆಯುವುದು ಸಾಮಾನ್ಯವಾಗಿ 11 ಗಂಟೆಗೆ. ಒಂಬತ್ತಕ್ಕೆ ಮೆತ್ತಗಿನ ಇಡ್ಲಿ ತಿಂದರೆ ಮೊದಲ ರೈಡಿನ ಹೊತ್ತಿಗೆ ಹೊಟ್ಟೆ ಹಗುರಾಗಿರುತ್ತದೆ. ಬೆಣ್ಣೆ ಬೇಡ, ವಡೆ ಬೇಡ. ಆಗುಂಬೆ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡುವ ಮಗು ತಿರುಗುವ ರೈಡುಗಳಲ್ಲೂ ಮಾಡುತ್ತದೆ ಎಂದು ತಿಳಿದೇ ಹೊರಡಿ. ಹೊರಗಿನ ಊಟವನ್ನು ಒಳಗೆ ಬಿಡುವುದಿಲ್ಲ. ಒಳಗೆ ಊಟದ ಮನೆಗಳಿವೆ. ಹನ್ನೆರಡೂಕಾಲಕ್ಕೇ ಊಟ ಮುಗಿಸಿ, ಒಂದೂವರೆಗೆ ಎಲ್ಲರೂ ಅಲ್ಲಿಗೆ ನುಗ್ಗುತ್ತಾರೆ.

ಗೇಟಿನ ಮುಂದೆ ಎರಡು ಕೆಲಸ. ಇಬ್ಬರು ಮಕ್ಕಳನ್ನೂ ನಿಲ್ಲಿಸಿ ಅಡಿಯಿಂದ ಮುಡಿಯವರೆಗೆ ಕಾಣುವಂತೆ ಒಂದು ಫೋಟೊ ತೆಗೆದುಕೊಳ್ಳಿ, ಕಳೆದುಹೋದರೆ ಏನು ಬಟ್ಟೆ ಎಂದು ತಡವರಿಸಬೇಕಾಗುವುದಿಲ್ಲ. ನಿಮ್ಮ ಮೊಬೈಲ್ ಸಂಖ್ಯೆಯನ್ನು ಮಗುವಿನ ಮುಂಗೈ ಮೇಲೆ ಪೆನ್ನಿನಿಂದ ಬರೆದು ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್ ಹಚ್ಚಿ, ನೀರಿಗೆ ಬೇಗ ಅಳಿಸುವುದಿಲ್ಲ. ಪುಟ್ಟಿಯ ಐದನೆಯ ಪ್ರಶ್ನೆ "ನೀವು ಕಾಣದೇ ಹೋದರೆ?" ಎಂದಿತ್ತು. ನಿಂತಲ್ಲೇ ನಿಲ್ಲು, ಸಮವಸ್ತ್ರ ಹಾಕಿದವರಿಗೆ ಕೈ ತೋರಿಸು ಎಂದು ಹೇಳಿಕೊಟ್ಟೆ. ಒಳಗೆ ಹೋದ ಕೂಡಲೇ ಆ ಸಮವಸ್ತ್ರ ಯಾವುದು ಎಂದು ತೋರಿಸಿದೆ.

ನಮ್ಮ ಅತ್ತೆಯವರು ಜೊತೆಗೆ ಬಂದದ್ದು ದೊಡ್ಡ ಭಾಗ್ಯ. ಅವರು ಏನನ್ನೂ ಹತ್ತಲಿಲ್ಲ. ಮಕ್ಕಳ ರೈಡುಗಳ ಹತ್ತಿರ ನೆರಳಿರುವ ಒಂದು ಬೆಂಚು ಹಿಡಿದು ಚೀಲ, ಟವೆಲ್, ನೀರಿನ ಬಾಟಲಿ ಇಟ್ಟುಕೊಂಡು ಕೂತರು. ಚಿಕ್ಕವನು ದಿನದಲ್ಲಿ ಏಳೆಂಟು ಸಲ ಆ ಬೆಂಚಿಗೆ ಓಡಿಹೋಗಿ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿ ಮತ್ತೆ ಬಂದ. ಅಜ್ಜಿ ಇಲ್ಲದವರೂ ಒಂದು ಬೆಂಚನ್ನು "ಇದು ನಮ್ಮ ಮನೆ" ಎಂದು ಗೊತ್ತುಮಾಡಿ, ಒಬ್ಬರಾದರೂ ಅಲ್ಲಿರುವಂತೆ ನೋಡಿಕೊಳ್ಳಿ. ಇಷ್ಟು ದೊಡ್ಡ ಗದ್ದಲದಲ್ಲಿ ಮಗುವಿಗೆ ಓಡಿಹೋಗಲು ಒಂದು ಜಾಗ ಬೇಕು.

ಮೊದಲ ಒಂದು ಗಂಟೆ ಏನನ್ನೂ ಹತ್ತಿಸಬೇಡಿ. ಸುಮ್ಮನೆ ನಡೆಯಿರಿ. ರೈಡಿನಿಂದ ಇಳಿದು ಬರುವವರ ಮುಖ ನೋಡಲು ಹೇಳಿ. ಹತ್ತುವವರು ಕಿರುಚುತ್ತಾರೆ, ಇಳಿಯುವವರು ನಗುತ್ತಾರೆ. ಪುಟ್ಟಿ ಒಂದು ರೈಡಿನ ಬಾಗಿಲಲ್ಲಿ ನಿಂತು ಹದಿನಾಲ್ಕು ಜನರನ್ನು ಎಣಿಸಿ "ಒಬ್ಬರೂ ಅಳುತ್ತಿಲ್ಲ" ಎಂದು ವರದಿ ಕೊಟ್ಟಳು. ನಮ್ಮವರು ಆಗಲೇ ರಿಕಾಯಿಲ್ ಹತ್ತಿ ಬಂದರು. ಮುಂದಕ್ಕೆ ಹೋಗಿ ಅದೇ ದಾರಿಯಲ್ಲಿ ಹಿಂದಕ್ಕೆ ಬರುವ ರೋಲರ್ ಕೋಸ್ಟರ್ ಅದು. ಅಪ್ಪ ತಲೆಕೆಳಗಾಗಿ ಹೋಗಿ, ಕೂದಲು ಕೆದರಿಕೊಂಡು, ನಡೆದುಕೊಂಡೇ ವಾಪಸು ಬಂದದ್ದನ್ನು ಇಬ್ಬರೂ ಕಣ್ಣಾರೆ ಕಂಡರು. ದೊಡ್ಡವರು ಸರದಿಯ ಮೇಲೆ ಹತ್ತುವುದರಿಂದ ಇದೊಂದು ಲಾಭ.

ಆಮೇಲೆ ಕುದುರೆ ಸುತ್ತು, ಒಳಸಾಲು. ಚಿಕ್ಕವನು ಕುದುರೆಯ ಕುತ್ತಿಗೆ ಬಿಗಿಯಾಗಿ ಹಿಡಿದು ಒಂದು ಸುತ್ತು ಕಣ್ಣು ಮುಚ್ಚಿದ, ಎರಡನೆಯ ಸುತ್ತಿನಲ್ಲಿ ಒಂದು ಕಣ್ಣು ಬಿಟ್ಟ. ಇಳಿದವನೇ ಮತ್ತೆ ಸಾಲಿಗೆ ಓಡಿದ. ನಾಲ್ಕು ಸಲ ಅದನ್ನೇ ಹತ್ತಿದ. "ಬೇರೆಯದು ನೋಡೋಣ ಬಾ" ಎಂದು ಎಳೆಯಬೇಡಿ. ಒಂದನ್ನೇ ಮತ್ತೆ ಮತ್ತೆ ಹತ್ತುವಾಗ ಮಗು ಧೈರ್ಯವನ್ನು ಕೂಡಿಡುತ್ತಿರುತ್ತದೆ.

ಪರೀಕ್ಷೆ ಬಂದದ್ದು ಊಟವಾದ ಮೇಲೆ. ಪುಟ್ಟಿ "ಹತ್ತುತ್ತೇನೆ" ಎಂದು ಬರೆದುಕೊಂಡಿದ್ದ ಒಂದು ರೈಡಿಗೆ ಇಪ್ಪತ್ತೈದು ನಿಮಿಷ ಸಾಲಿನಲ್ಲಿ ನಿಂತೆವು. ನಮ್ಮ ಮುಂದೆ ನಾಲ್ಕೇ ಜನ ಉಳಿದಾಗ ಅವಳ ಕೈ ತಣ್ಣಗಾಯಿತು. "ಅಮ್ಮಾ, ಬೇಡ." ಹಿಂದಿನವರು ನೋಡುತ್ತಿದ್ದರು. ನಮ್ಮವರು ಒಂದು ಕ್ಷಣ ಬಾಯಿ ತೆರೆದು ಮುಚ್ಚಿದರು. ನಾನು "ಆಯಿತು" ಎಂದಷ್ಟೇ ಹೇಳಿ ಸಾಲು ಬಿಡಿಸಿಕೊಂಡು ಹೊರಗೆ ಬಂದೆ. ಏಕೆ ಎಂದು ಕೇಳಲಿಲ್ಲ, ಮುಖ ಸಪ್ಪೆ ಮಾಡಲಿಲ್ಲ, ಐಸ್‌ಕ್ರೀಮ್ ಕೊಡಿಸಿ ಸಮಾಧಾನವನ್ನೂ ಮಾಡಲಿಲ್ಲ. ಸಮಾಧಾನ ಮಾಡಿದರೆ ಏನೋ ಸೋತಂತೆ ಆಗುತ್ತದೆ. ಇಪ್ಪತ್ತು ನಿಮಿಷ ಅಜ್ಜಿಯ ಪಕ್ಕ ಕೂತು ಕಾಲಾಡಿಸಿದಳು. ಆಮೇಲೆ ತಾನೇ ಎದ್ದು, ಮಕ್ಕಳ ರೈಡುಗಳಲ್ಲಿದ್ದ ಪುಟ್ಟ ಕಡಲ್ಗಳ್ಳರ ಹಡಗಿನ ಕಡೆ ಬೆರಳು ತೋರಿಸಿ "ನಡುವಿನ ಬೀಜದ ಜಾಗ ಖಾಲಿ ಇದೆ" ಎಂದಳು.

ಆ ದಿನ ಕೆಲವು ಮಾತುಗಳನ್ನು ನಾಲಿಗೆಯಿಂದಲೇ ಅಳಿಸಿಹಾಕಿ. "ಏನೂ ಆಗುವುದಿಲ್ಲ" ಎನ್ನಬೇಡಿ, ಹೊಟ್ಟೆಯಲ್ಲಿ ಏನೋ ಆಗುತ್ತದೆ ಎಂದು ಮಗುವಿಗೆ ಗೊತ್ತಿದೆ. "ನೋಡು, ಆ ಪಾಪು ನಿನಗಿಂತ ಚಿಕ್ಕದು" ಎನ್ನಬೇಡಿ. "ಪುಕ್ಕಲಿ" ಎಂಬ ಪದವಂತೂ ತಮಾಷೆಗೂ ಬೇಡ. ಅದರ ಬದಲು ಆಗುವುದನ್ನು ಹೇಳಿ: ಮೂರು ಸಲ ಸುತ್ತುತ್ತದೆ, ಎರಡನೆಯ ಸಲ ಸ್ವಲ್ಪ ಜೋರು, ಆಮೇಲೆ ನಿಧಾನವಾಗಿ ನಿಲ್ಲುತ್ತದೆ. ಮುಂಚೆ ನಿಂತು ನೀವೇ ಎಣಿಸಿಕೊಂಡು, ಸರಿಯಾಗಿ ಹೇಳಿ.

ನೀರಾಟ ಮಧ್ಯಾಹ್ನದ ಹೊತ್ತಿಗೆ ಶುರುವಾಗುತ್ತದೆ. ಅಲೆಗಳ ಕೊಳ ಸಮುದ್ರದ ದಡದಂತೆ ಇಳಿಜಾರು, ಅಂಚಿನಲ್ಲಿ ಪಾದ ಮುಳುಗುವಷ್ಟೇ ನೀರು. ಅಲೆ ಎಬ್ಬಿಸುವುದು ನಡುನಡುವೆ, ಕೆಲವು ನಿಮಿಷ ಮಾತ್ರ. ಅಲೆ ನಿಂತಿರುವಾಗ ಇಳಿಯಿರಿ. ಅಲೆಗೆ ಮುಂಚೆ ಸೈರನ್ ಕೂಗುತ್ತದೆ ಎಂದು ಚಿಕ್ಕವನಿಗೆ ಮೊದಲೇ ಹೇಳಿದ್ದೆ. ಕೂಗಿದಾಗ ಕಿವಿ ಮುಚ್ಚಿದ, ಆದರೆ ಓಡಲಿಲ್ಲ. ಮೊದಲ ಅಲೆ ಮೊಣಕಾಲಿಗೆ ಬಂದು ತಾಗಿದಾಗ ಜೋರಾಗಿ ಎಣಿಸತೊಡಗಿದ, ಬಚ್ಚಲಿನಲ್ಲಿ ಎಣಿಸಿದಂತೆಯೇ. ಹತ್ತಕ್ಕೆ ಮುಗಿದ ಮೇಲೆ ಮತ್ತೆ ಒಂದರಿಂದ. ರೈನ್ ಡಿಸ್ಕೊಗೆ ನಾವು ಕಾಲಿಡಲಿಲ್ಲ. ಬಡಿಯುವ ಸಂಗೀತ, ಮಿಣುಕುವ ದೀಪ, ಮೇಲಿಂದ ಸುರಿಯುವ ನೀರು ಮೂರೂ ಒಟ್ಟಿಗೆ, ನನ್ನ ಮಗನಿಗೆ ಆಗದ್ದೆಲ್ಲ ಒಂದೇ ಕಡೆ.

ಸಂಜೆ ನಾಲ್ಕೂವರೆಗೆ ಹೊರಟುಬಿಟ್ಟೆವು. ಪಾರ್ಕು ಇನ್ನೂ ತೆರೆದಿತ್ತು, ಮಕ್ಕಳು ಇನ್ನೂ ನಗುತ್ತಿದ್ದರು. ಸುಸ್ತಾಗಿ ಅಳು ಶುರುವಾಗುವ ಮುಂಚೆ ಹೊರಡಬೇಕು ಎಂದು ಮೊದಲೇ ನಿಶ್ಚಯಿಸಿದ್ದೆ. ಬುಧವಾರಕ್ಕೆ ಏನನ್ನೂ ಇಟ್ಟುಕೊಂಡಿರಲಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಹತ್ತು ಗಂಟೆಯವರೆಗೆ ಮಲಗಿದರು, ಮಧ್ಯಾಹ್ನ ರೈಲು ಹತ್ತಿದೆವು.

ಊರಿಗೆ ಬಂದ ಮೇಲೆ ನೆಂಟರು "ಏನೇನು ಹತ್ತಿದೆ?" ಎಂದು ಕೇಳುತ್ತಾರೆ. ಅವರನ್ನು ತಡೆಯಲಾಗದು, ನೀವಾದರೂ ಲೆಕ್ಕ ಕೇಳಬೇಡಿ. ನಾನು "ಯಾವುದು ಚೆನ್ನಾಗಿತ್ತು?" ಎಂದೆ. ರೈಲಿನಲ್ಲಿ ಅರಸೀಕೆರೆ ದಾಟುವಾಗ ಪುಟ್ಟಿ ನೋಟುಪುಸ್ತಕ ತೆಗೆದು, "ಬೇಡ" ಎಂಬ ಮನೆಯಲ್ಲಿದ್ದ ಮೂರು ಹೆಸರುಗಳನ್ನು ಹೊಡೆದುಹಾಕಿ "ನೋಡಿ ಹೇಳುತ್ತೇನೆ" ಎಂಬ ಮನೆಗೆ ಬರೆದುಕೊಂಡಳು. ಚಿಕ್ಕವನು ಪೆನ್ಸಿಲ್ ಕಿತ್ತುಕೊಂಡು "ಹತ್ತುತ್ತೇನೆ" ಎಂಬ ಮನೆಯಲ್ಲಿ ಇನ್ನೊಂದು ಕುದುರೆ ಬರೆದ. ಅಲ್ಲಿ ಆಗಲೇ ಒಂದು ಕುದುರೆ ಇತ್ತು.